ಅಂಗಳದಲ್ಲೇ ಪಾಠ ಇರುವಾಗ ಡಬ್ಬಿಯ ಪಾಠ ಯಾಕೆ?

ಮನೆಯಲ್ಲೇ ಮಕ್ಕಳಿಗೆ ಕಲಿಸ್ತಿರೋ ಅಪ್ಪ-ಅಮ್ಮಂದಿರಿಗೆ ಇವತ್ತಿನ ಟಿಪ್ಪಣಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ನಾನೂ ಅದೇ ಗುಂಪಿನವನು. ನಮ್ಮಿಬ್ಬರು ಮಕ್ಕಳಿಗೆ ಒಂಬತ್ತು ಮತ್ತು ಆರು ವರ್ಷ, ಇಬ್ಬರಿಗೂ ಮನೆಯಲ್ಲೇ ಪಾಠ. ಹಾಗಾಗಿ ಹೊರಗೆ ನಿಂತು ಕಲ್ಲು ಹೊಡೀತಿಲ್ಲ, ಒಳಗೇ ಕೂತು ಜಗಳ ತೆಗೀತಿದೀನಿ.

ಜಗಳ ಇರೋದು ಆಕ್ಟಿವಿಟಿ ಕಿಟ್ ಅನ್ನೋ ಡಬ್ಬಿ ಜೊತೆ. ಡಬ್ಬಿ ಬರುತ್ತೆ, ಒಳಗೆ ರಟ್ಟು, ಗೋಂದು, ಬಣ್ಣ, ಒಂದು ಸೂಚನೆ ಹಾಳೆ. ಮಗು ಅಂಟಿಸುತ್ತೆ, ನಾವು ಫೋಟೋ ತೆಗೀತೀವಿ, 'ಕೈಯಿಂದ ಕಲಿಕೆ' ಅಂತ ಹಾಕ್ತೀವಿ. ಕೈ ಕೆಲಸ ಮಾಡಿದ್ದು ನಿಜ. ಆದರೆ ತಲೆಗೆ ಏನು ಕೆಲಸ ಸಿಕ್ಕಿತು? ಉತ್ತರ ಡಬ್ಬಿಯ ಹಿಂದೇನೇ ಅಚ್ಚಾಗಿರುವಾಗ ಮಗು ಕೇಳೋಕೆ ಯಾವ ಪ್ರಶ್ನೆ ಉಳೀತು?

ಎಲ್ಲರಿಗೂ ಗೊತ್ತಿರೋ ಜ್ವಾಲಾಮುಖಿ ಆಟವನ್ನೇ ತಗೊಳ್ಳಿ. ಮಣ್ಣಿನ ಗುಡ್ಡ ಮಾಡಿ, ಅಡುಗೆ ಸೋಡಾ ಹಾಕಿ, ಮೇಲೆ ವಿನಿಗರ್ ಸುರಿದರೆ ಬುಸ್ ಅಂತ ನೊರೆ ಉಕ್ಕುತ್ತೆ. ನೋಡೋಕೆ ಚೆಂದ. ಆದರೆ ಅದು ಹುಳಿ ಮತ್ತು ಸೋಡಾ ಸೇರಿ ಇಂಗಾಲದ ಡೈಆಕ್ಸೈಡ್ ಹೊರಡೋ ಪಾಠ, ಜ್ವಾಲಾಮುಖಿಯ ಪಾಠ ಅಲ್ಲ. ನಿಜವಾದದ್ದರಲ್ಲಿ ಕರಗಿದ ಬಂಡೆಯೊಳಗೆ ಬೆರೆತಿದ್ದ ಅನಿಲ, ಮೇಲೆ ಬರ್ತಾ ಒತ್ತಡ ಕಡಿಮೆಯಾದಾಗ ಹೊರಗೆ ನುಗ್ಗುತ್ತೆ. ಅದನ್ನ ತೋರಿಸಬೇಕಾದ್ರೆ ಸೋಡಾ ಬಾಟಲಿ ಕುಲುಕಿ ಮುಚ್ಚಳ ತೆಗೆದರೆ ಸಾಕು. ತಮಾಷೆ ಏನು ಗೊತ್ತಾ? ಇದೇ ಡಬ್ಬಿ ಬೆಳಗಾವಿ, ಬೀದರ್, ಕಲಬುರಗಿ ಮನೆಗಳಿಗೂ ಹೋಗುತ್ತೆ. ಅಲ್ಲಿ ಎಷ್ಟೋ ಕಡೆ ಕಾಲಡಿ ಇರೋದೇ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಆ ಕಪ್ಪು ಕಲ್ಲು ಸವೆದೇ ಎರೆಭೂಮಿ ಆಗಿದೆ. ವಿಜಯಪುರದ ಗೋಳಗುಮ್ಮಟ ಕಟ್ಟಿರೋದೂ ಅದೇ ಕಪ್ಪು ಕಲ್ಲಲ್ಲಿ. ಲಾವಾ ಮೇಲೆ ಕೂತು ರಟ್ಟಿನ ಜ್ವಾಲಾಮುಖಿ ಮಾಡ್ತಾ ಇದೀವಿ ಸ್ವಾಮಿ!

ಇನ್ನೊಂದು. ಇಂಟರ್‌ನೆಟ್ಟಿಂದ ಇಳಿಸಿದ ವರ್ಕ್‌ಶೀಟ್‌ಗಳು. ಅಲ್ಲಿ ವರ್ಷಕ್ಕೆ ನಾಲ್ಕು ಕಾಲ, ಒಂದರಲ್ಲಿ ಹಿಮ, ಒಂದರಲ್ಲಿ ಕೆಂಪು ಎಲೆ. ನಡುಹಗಲಲ್ಲಿ ನೆರಳು ಯಾವಾಗಲೂ ಉತ್ತರಕ್ಕೆ. ಯುರೋಪಿನ ಮಗುವಿಗೆ ಇದೆಲ್ಲ ಸರಿ. ನಮ್ಮ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ, ಕೋಲಿನ ನೆರಳು ಬುಡದಲ್ಲೇ ಮಾಯ. ನಡುವಿನ ತಿಂಗಳುಗಳಲ್ಲಿ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತೆ! ಅದೂ ಗಡಿಯಾರದ 12ಕ್ಕಲ್ಲ, 12.20ರ ಆಸುಪಾಸು. ಯಾಕಂದ್ರೆ ನಮ್ಮ ಗಡಿಯಾರ ನಡೆಯೋದು ನಮಗಿಂತ ಪೂರ್ವಕ್ಕಿರೋ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕರ್ನಾಟಕದ ಎಲ್ಲ ಊರಿಗೂ ನೆರಳಿಲ್ಲದ ದಿನ ವರ್ಷಕ್ಕೆ ಎರಡು ಸಲ ಬರುತ್ತೆ, ತಾರೀಕು ಮಾತ್ರ ಊರಿಂದ ಊರಿಗೆ ಬೇರೆ. ಒಂದು ಕೋಲು, ಒಂದು ದಾರ, ಒಂದಿಷ್ಟು ಕಲ್ಲು. ಖರ್ಚು ಸೊನ್ನೆ. ಹಾಳೆಯಲ್ಲಿ ಬರೆದಿರೋದು ನಮ್ಮಂಗಳದಲ್ಲಿ ಸುಳ್ಳಾಗುತ್ತೆ ಅಂತ ಮಗು ತಾನೇ ಕಂಡ ದಿನ ಅದಕ್ಕೆ ವಿಜ್ಞಾನ ಅಂದ್ರೇನು ಅಂತ ಗೊತ್ತಾಗುತ್ತೆ.

ಮಳೆ ಲೆಕ್ಕವೂ ಹಾಗೇ. ಬಾಯಿಂದ ತಳದ ತನಕ ಒಂದೇ ಅಗಲ ಇರೋ ಎರಡು ಡಬ್ಬಿ ಬಯಲಲ್ಲಿಡಿ, ಒಂದು ದೊಡ್ಡದು, ಒಂದು ಚಿಕ್ಕದು. ಯಾವುದರಲ್ಲಿ ನೀರು ಎತ್ತರಕ್ಕೆ ನಿಲ್ಲುತ್ತೆ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. 'ದೊಡ್ಡದರಲ್ಲಿ' ಅಂತ ನಮ್ಮ ಚಿಕ್ಕೋಳು ಬರೆದಿದ್ದಳು. ಬೆಳಿಗ್ಗೆ ಸ್ಕೇಲ್ ಇಟ್ಟು ನೋಡಿದ್ರೆ ಎರಡರಲ್ಲೂ 18 ಮಿಲಿಮೀಟರ್. ಅವಳು ಮೂರು ಸಲ ಅಳೆದಳು. ಆಮೇಲೆ ಅಣ್ಣನ ಲೆಕ್ಕ: ಒಂದು ಗುಂಟೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 100 ಲೀಟರ್, ಅಂದ್ರೆ 20 ಲೀಟರಿನ ಐದು ಕ್ಯಾನು. ಎಕರೆಗೆ 4,000 ಲೀಟರ್. ಆ ರಾತ್ರಿ ಎಕರೆಗೆ 72,000 ಲೀಟರ್ ಬಿತ್ತು. ಅಷ್ಟರಲ್ಲಿ ಬದು ಎಷ್ಟು ತಡೀತು, ಎಷ್ಟು ಹರಿದು ಹೋಯ್ತು ಅಂತ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಮೂವರೂ ಸೇರಿ ಅದನ್ನೇ ಹುಡುಕ್ತಿದೀವಿ. ಇಂಥ ಪ್ರಶ್ನೆ ಯಾವ ಡಬ್ಬಿಯಲ್ಲಿ ಬರುತ್ತೆ ಹೇಳಿ.

ಇನ್ನು ಚರಿತ್ರೆ. ಸಕ್ಕರೆ ಗಟ್ಟಿಯ ಪಿರಮಿಡ್ಡು, ಟಿಶ್ಯೂ ಸುತ್ತಿದ ಮಮ್ಮಿ. ಈಜಿಪ್ಟ್ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಮ್ಮ ಕೆರೆ ಏರಿ ಪಕ್ಕ ಒಂದು ವೀರಗಲ್ಲು ಮಕಾಡೆ ಬಿದ್ದಿತ್ತು, ಅದರ ಮೇಲೆ ಬಟ್ಟೆ ಒಗೀತಿದ್ರು. ಎತ್ತಿ ನಿಲ್ಲಿಸಿದ್ವಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಪಕ್ಕದಲ್ಲಿ ದನ. ನಡುವೆ ಸತ್ತ ವೀರನನ್ನ ಅಪ್ಸರೆಯರು ಕರ್ಕೊಂಡು ಹೋಗ್ತಿದ್ದಾರೆ. ಮೇಲೆ ಲಿಂಗ, ಸೂರ್ಯ, ಚಂದ್ರ. ತುರು ಕದಿಯೋಕೆ ಬಂದೋರ ಜೊತೆ ಬಡಿದಾಡಿ ಸತ್ತವನ ಕಲ್ಲು ಅದು. ಕತ್ತಲಾದ ಮೇಲೆ ಟಾರ್ಚನ್ನ ಕಲ್ಲಿನ ಪಕ್ಕಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ, ಹಗಲಲ್ಲಿ ಕಾಣದ ಸವೆದ ಗೆರೆ ನೆರಳಿನಿಂದ ಎದ್ದು ಬರುತ್ತೆ. ಸುಣ್ಣ ಬಳೀಬೇಡಿ, ಎಣ್ಣೆ ಹಚ್ಚಬೇಡಿ, ಟಾರ್ಚು ಸಾಕು. ದನ ಎಷ್ಟು, ಕೈಯಲ್ಲಿ ಬಿಲ್ಲೋ ಕತ್ತಿಯೋ ಅಂತ ಮಕ್ಕಳು ಎಣಿಸಿ ಬರ್ಕೊಂಡ್ರು. ಮಂಡ್ಯ ಸೀಮೆಯ ಆತಕೂರಿನ ಶಾಸನದ ಕತೆ ಹೇಳಿದೆ: 949-50ರ ಸುಮಾರಿನದು, ಕಾಡುಹಂದಿ ಜೊತೆ ಸೆಣಸಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿಗೂ ಅದರಲ್ಲಿ ಜಾಗ ಉಂಟು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಮಮ್ಮಿ ಮರೆತುಹೋಯ್ತು, ಕಾಳಿ ಉಳೀತು.

'ಹಾಗಾದ್ರೆ ಮಕ್ಕಳು ಬಾವಿಯ ಕಪ್ಪೆ ಆಗ್ಬೇಕಾ?' ಅಂತೀರಿ. ಊಟದ ತಟ್ಟೆ ನೋಡಿ. ಮುದ್ದೆಯ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಲ್ಲಿ. ಸಾರಿನ ಮೆಣಸಿನಕಾಯಿ, ಟೊಮೆಟೊ ಅಮೆರಿಕ ಖಂಡದವು, ಇಲ್ಲಿಗೆ ಬಂದಿದ್ದು 1492ರ ಆಮೇಲೆ. ಹುರುಳಿಕಾಳು ಮಾತ್ರ ಈ ನೆಲದ್ದೇ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಅದರ ಸುಟ್ಟ ಕಾಳು ಸಿಕ್ಕಿದೆ. ಒಂದು ಮುದ್ದೆ, ಹುರುಳಿ ಸಾರಿನಿಂದ ಮೂರು ಖಂಡ ಸುತ್ತಬಹುದು. ಪ್ರಪಂಚಕ್ಕೆ ಹೋಗೋಣ, ಬೇಡ ಅಂದೋರು ಯಾರು? ಹೊರಡೋದು ನಮ್ಮ ಹೊಸಿಲಿಂದ ಆಗ್ಲಿ.

ಈಗ ನಮ್ಮ ಕಡೆಯವರಿಗೂ ಒಂದು ಮಾತು. 'ತೋಟವೇ ಶಾಲೆ' ಅಂತ ಬೋರ್ಡು ಹಾಕಿ ಮಗುವನ್ನ ದಿನವಿಡೀ ಸುಮ್ಮನೆ ಬಿಟ್ಟರೆ, ಇಲ್ಲಾ ಕಳೆ ಕೀಳೋಕೆ ಹಚ್ಚಿದ್ರೆ, ಅದು ಶಿಕ್ಷಣ ಅಲ್ಲ. ಕಳೆ ಕಿತ್ತರೆ ಕಲಿಕೆ ಆಗೋದಾದ್ರೆ ನಮ್ಮೂರ ಕೂಲಿ ಮಕ್ಕಳೆಲ್ಲ ಪಂಡಿತರಾಗ್ಬೇಕಿತ್ತು. ಊಹಿಸಬೇಕು, ಅಳೀಬೇಕು, ಬರೀಬೇಕು, ಊಹೆ ತಪ್ಪಿದ್ರೆ ಯಾಕೆ ಅಂತ ಕೇಳ್ಬೇಕು. ಇಷ್ಟೂ ಇದ್ರೆ ಮಾತ್ರ ಪಾಠ.

ಮತ್ತೆ ಸರ್ಕಾರಿ ಶಾಲೆಯನ್ನ ಹೀಗಳೆಯೋದು ಬಿಡಿ. ಮನೆಪಾಠ ಮಾಡಿಸೋಕೆ ಮನೆಯಲ್ಲಿ ಅಕ್ಷರ ಬಲ್ಲ ಒಬ್ಬರಿಗೆ ಪುರುಸೊತ್ತು ಬೇಕು. ನಮಗಿದೆ, ಕೂಲಿಗೆ ಹೋಗೋ ತಾಯಿಗಿಲ್ಲ. ಅವಳ ಮಗುವಿಗೆ ಶಾಲೆ ಅಂದ್ರೆ ಬಿಸಿಯೂಟ, ಮೇಷ್ಟ್ರು, ಹೊಲದ ದುಡಿಮೆಯಿಂದ ಬಿಡುಗಡೆ. ಕಾರ್ಡು, ಆಟ, ಹಾಡಿನಿಂದ ಕಲಿಸೋ ನಲಿಕಲಿ ಹುಟ್ಟಿದ್ದು ಯಾವ ದುಬಾರಿ ಶಾಲೆಯಲ್ಲೂ ಅಲ್ಲ, 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ. ಅದಕ್ಕೇ ನಮ್ಮ ಮಳೆ ಡಬ್ಬಿ, ನೆರಳಿನ ಕೋಲು ಭಾನುವಾರ ಊರಿನ ಎಲ್ಲ ಮಕ್ಕಳಿಗೂ. ಮೊನ್ನೆ ವಾರ ಹನ್ನೊಂದು ಜನ ಬಂದಿದ್ರು. ಕಲ್ಲಿನ ಮೇಲಿನ ದನ ಎಣಿಸಿದ್ರಲ್ಲಿ ಜಗಳ ಬಿದ್ದು ಎರಡು ಸಲ ಎಣಿಸಿದ್ರು.

ನನ್ನ ಚಿಂತೆ ಇಷ್ಟೇ. ತಿಳೀಬೇಕಾದ್ದೆಲ್ಲ ದೂರದಿಂದ ಡಬ್ಬಿಯಲ್ಲಿ ಬರುತ್ತೆ, ನಮ್ಮೂರಲ್ಲಿ ತಿಳಿಯೋಕೆ ಏನೂ ಇಲ್ಲ ಅಂತ ಕಲಿತ ಮಗು, ನಾಳೆ ಹೊಲ ಮಟ್ಟ ಮಾಡಿಸುವಾಗ ಜೆಸಿಬಿ ಬಾಯಿಗೆ ವೀರಗಲ್ಲು ಸಿಕ್ಕರೆ ನಿಲ್ಲಿಸೋದಿಲ್ಲ. ಕೆರೆ ಮುಚ್ಚಿದ್ರೂ ಕೇಳೋದಿಲ್ಲ. ಅದಕ್ಕೆ ಅದು ಬರೀ ಕಲ್ಲು, ಬರೀ ಹಳ್ಳ.

ಈ ತಿಂಗಳು ಡಬ್ಬಿ ತರಿಸೋದು ನಿಲ್ಲಿಸಿ. ಆ ದುಡ್ಡಲ್ಲಿ ಒಂದು ಅಳತೆ ಟೇಪು, ಒಂದು ಟಾರ್ಚು, ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಮಗು ಕೇಳಿದ, ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನ ಕೆಳಗೆ ಬರೀರಿ. ಫೋಟೋ ಬೇಡ, ಪ್ರಶ್ನೆ ಸಾಕು.