ನೀಲಿಯಲ್ಲದ ದುಃಖ

ಅಪಸ್ಮಾರದವರು ಹೇಗೆ ಬಾಳುತ್ತಿದ್ದಾರೆಂದು ಅಳೆಯುವ 31 ಪ್ರಶ್ನೆಗಳ ಪಟ್ಟಿಯೊಂದು 1998ರಲ್ಲಿ ಅಮೆರಿಕದಿಂದ ಹೊರಟಿತು. ಅದನ್ನು ಗ್ರೀಕಿಗೆ ತರುವುದೆಂದರೆ ಒಬ್ಬರು ಅನುವಾದಿಸುವುದು, ಇನ್ನೊಬ್ಬರು ಇಂಗ್ಲಿಷಿಗೆ ತಿರುಗಿಸುವುದು, ಎರಡು ಇಂಗ್ಲಿಷೂ ತಾಳೆಯಾದರೆ ಕೆಲಸ ಮುಗಿಯಿತು ಎಂದು ನಂಬಿದವರೊಡನೆ ನನ್ನ ಜಗಳ.

ಮೂಲದಲ್ಲಿ, ಮನಸ್ಸು ಕುಗ್ಗಿ 'ನೀಲಿ'ಯಾಗಿತ್ತೇ ಎಂಬ ಪ್ರಶ್ನೆಯಿದೆ. ಆಂಗ್ಲರ ದುಃಖ ನೀಲಿ. ಗ್ರೀಕರದೋ, ಹಿಪ್ಪೊಕ್ರಾಟೀಸನ ಕಾಲದಿಂದಲೂ ಕಪ್ಪು. 'ಮೆಲಾಂಖೊಲಿಯಾ' ಎಂದರೆ ಕರಿಯ ಪಿತ್ತ. ನೀಲಿ ಅವರಿಗೆ ಸಮುದ್ರದ ಬಣ್ಣ, ಧ್ವಜದ ಬಣ್ಣ. ಪದಕ್ಕೆ ಪದ ಇಟ್ಟುನೋಡಿ: ಹಿಂದಿರುಗುವಾಗ ನೀಲಿ ಸುಖವಾಗಿ ನೀಲಿಯಾಗಿಯೇ ಬರುತ್ತದೆ. ತಾಳೆಗೆ ನೂರಕ್ಕೆ ನೂರು, ರೋಗಿಗೆ ಸೊನ್ನೆ!

ಸೆಳವಿಗೆ ಗ್ರೀಕರು 'ಕ್ರೀಸಿ' ಎನ್ನುತ್ತಾರೆ. ತೀರ್ಪಿಗೂ ಅದೇ ಪದ. 2009ರಲ್ಲಿ ಶುರುವಾದ ಸಾಲದ ಬಿಕ್ಕಟ್ಟಿಗೂ ಅದೇ. ಪಿಂಚಣಿ ಕಡಿತವಾದ ಮುದುಕನನ್ನು "ಇನ್ನೊಂದು ಕ್ರೀಸಿಯ ಭಯವುಂಟೆ?" ಎಂದು ಬರಿದೇ ಕೇಳಿದರೆ ಆತ ಯಾವುದಕ್ಕೆ ಹೂಗುಟ್ಟಬೇಕು?

ಪ್ರಶ್ನೆಗಳನ್ನು ಸಡಿಲಿಸಿದರೆ ದೇಶದೇಶಗಳ ಅಂಕಗಳನ್ನು ಹೋಲಿಸಲಾಗದೆಂದು ವಿದ್ವಾಂಸರು ಗದರಿಸುತ್ತಾರೆ. ಹೋಲಿಕೆ ಬೇಕು, ಒಪ್ಪಿದೆ. ಆದರೆ ಒಬ್ಬ ಒಂದು ಪ್ರಶ್ನೆಗೆ, ಇನ್ನೊಬ್ಬ ಮತ್ತೊಂದಕ್ಕೆ ಕೊಟ್ಟ ಉತ್ತರಗಳನ್ನು ಒಂದೇ ತಕ್ಕಡಿಗೆ ಹಾಕುವುದು ಹೋಲಿಕೆಯೇ?

ಅಚ್ಚಿಗೆ ಮೊದಲು ಥೆಸಲೊನೀಕಿಯ ರೋಗಿಯನ್ನೂ, ಅಥೆನ್ಸಿನದಲ್ಲದ ಆಡುಮಾತಿನ ಸೈಪ್ರಸ್ಸಿನ ಹಳ್ಳಿಯಾಕೆಯನ್ನೂ ಕೂರಿಸಿ, ಪ್ರಶ್ನೆಯೊಂದೊಂದನ್ನೂ ಓದಿ, "ನಿಮಗೇನು ಅರ್ಥವಾಯಿತು?" ಎಂದು ಕೇಳಲಿ. ಈ ಹಂತ ಶಾಸ್ತ್ರದಲ್ಲೇ ಇದೆ. ಶಾಸ್ತ್ರಕ್ಕೆಂದು ಐದಾರು ಮಂದಿಯನ್ನು ಕೇಳಿ ಎದ್ದುಬಿಡಬಾರದು, ಅಷ್ಟೆ.