ಪಿಂಚಣಿಯಿಂದ ಹೊರಗಿಟ್ಟವರು ಲೆಕ್ಕವನ್ನೂ ಕೈಗೆ ಕೊಡಲಿ

ಶಿಕಾರಿಪುರ, ಸೊರಬ ಕಡೆಯ ಸರ್ಕಾರಿ ಶಾಲೆಗಳಲ್ಲಿ ಎರಡು ಥರದ ಮೇಸ್ಟ್ರುಗಳಿದ್ದಾರೆ. ಇಬ್ಬರೂ ಸಹಿ ಹಾಕುವುದು ಒಂದೇ ಹಾಜರಿ ಪುಸ್ತಕಕ್ಕೆ, ಪಾಠ ಮಾಡುವುದು ಅದೇ ಮಕ್ಕಳಿಗೆ. ಒಬ್ಬರು ಕೆಲಸಕ್ಕೆ ಸೇರಿದ್ದು 2006ರ ಏಪ್ರಿಲ್ 1ಕ್ಕಿಂತ ಮೊದಲು. ಇನ್ನೊಬ್ಬರು ಸೇರಿದ್ದು ಆಮೇಲೆ. ಸೇವೆಯಲ್ಲಿ ಇರುವಷ್ಟು ದಿನ ಈ ವ್ಯತ್ಯಾಸ ಹೊರಗಿನವರಿಗೆ ಕಾಣುವುದಿಲ್ಲ. ನಿವೃತ್ತಿಯಾದ ಮರುತಿಂಗಳು ಕಾಣುತ್ತದೆ.

ಮೊದಲಿನವರಿಗೆ ಸಿಗುವುದು ನಾವು ಹಳೆ ಪಿಂಚಣಿ ಅನ್ನುತ್ತೇವಲ್ಲ, ಅದು. ಪೂರ್ಣ ಸೇವೆ ಮಾಡಿದ್ದರೆ ಕೊನೆಯ ಮೂಲ ವೇತನದ ಅರ್ಧ, ಜೀವ ಇರುವ ತನಕ. ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಅವರು ತೀರಿಕೊಂಡರೆ ಹೆಂಡತಿ ಅಥವಾ ಗಂಡನಿಗೆ ಕುಟುಂಬ ಪಿಂಚಣಿ. ಇದಕ್ಕಾಗಿ ಸಂಬಳದಲ್ಲಿ ಕಡಿತ ಇಲ್ಲ.

ಎರಡನೆಯವರು ಎನ್‌ಪಿಎಸ್‌ನವರು. ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಶೇ 10ರಷ್ಟು ಅವರ ಸಂಬಳದಿಂದ ಪ್ರತಿ ತಿಂಗಳು ಹೋಗುತ್ತದೆ. ಸರ್ಕಾರವೂ ಪಾಲು ಹಾಕುತ್ತದೆ. ಅದು ಮೊದಲು ಶೇ 10 ಇತ್ತು, ಈಗ ಶೇ 14. ಈ ದುಡ್ಡು ಸಾಲಪತ್ರಗಳಲ್ಲೂ ಷೇರು ಪೇಟೆಯಲ್ಲೂ ಹೂಡಿಕೆಯಾಗುತ್ತದೆ. ನಿವೃತ್ತಿ ದಿನ ಎಷ್ಟು ಗಂಟಾಗಿರುತ್ತದೋ ಅಷ್ಟು. ಅದರಲ್ಲಿ ಶೇ 60ರವರೆಗೆ ಕೈಗೆ ತೆಗೆದುಕೊಳ್ಳಬಹುದು. ಕನಿಷ್ಠ ಶೇ 40ರಷ್ಟನ್ನು ವಿಮಾ ಕಂಪನಿಗೆ ಕೊಟ್ಟು ತಿಂಗಳ ಪಿಂಚಣಿ ಕೊಂಡುಕೊಳ್ಳಬೇಕು. ಅದಕ್ಕೆ ತುಟ್ಟಿಭತ್ಯೆ ಇಲ್ಲ.

ಒಂದು ಉದಾಹರಣೆ ಹಾಕೋಣ. ಕೊನೆಯ ಮೂಲ ವೇತನ 80,000 ರೂಪಾಯಿ ಎಂದಿಟ್ಟುಕೊಳ್ಳಿ. ಹಳೆ ಪಿಂಚಣಿಯಲ್ಲಿ ತಿಂಗಳಿಗೆ 40,000, ಅದರ ಮೇಲೆ ತುಟ್ಟಿಭತ್ಯೆ. ಎನ್‌ಪಿಎಸ್‌ನಲ್ಲಿ 50 ಲಕ್ಷ ಗಂಟಾಗಿದೆ ಅನ್ನಿ. 30 ಲಕ್ಷ ಕೈಗೆ ಬಂತು. ಉಳಿದ 20 ಲಕ್ಷಕ್ಕೆ ವರ್ಷಕ್ಕೆ ಶೇ 6ರಂತೆ ಸಿಕ್ಕಿದರೆ ತಿಂಗಳಿಗೆ 10,000. ಕೈಗೆ ಬಂದ 30 ಲಕ್ಷವನ್ನು ಒಂದು ಪೈಸೆ ಮುಟ್ಟದೆ ಅದೇ ದರಕ್ಕೆ ಇಟ್ಟರೂ ಎರಡೂ ಸೇರಿ 25,000. ಆದರೆ ನಮ್ಮೂರಲ್ಲಿ ಮಗಳ ಮದುವೆ, ಮನೆ ಸಾಲ, ಆಸ್ಪತ್ರೆ ಖರ್ಚು ದಾಟಿ 30 ಲಕ್ಷ ಹಾಗೇ ಉಳಿಯುವ ಮನೆ ಎಷ್ಟಿದೆ? ಹತ್ತು ವರ್ಷ ಕಳೆದ ಮೇಲೆ ಅಕ್ಕಿ ಬೇಳೆ ಬೆಲೆ ಎಷ್ಟೇ ಏರಿದ್ದರೂ ಆ 10,000 ಮಾತ್ರ 10,000ವೇ.

ಇದರಲ್ಲಿ ನಮ್ಮ ಎರಡು ತಾಲ್ಲೂಕಿಗೂ ನೇರ ಸಂಬಂಧ ಇದೆ. 2006ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಈ ಪದ್ಧತಿ ಜಾರಿಗೆ ಬಂದಾಗ ಹಣಕಾಸು ಖಾತೆ ಇದ್ದದ್ದು ಶಿಕಾರಿಪುರದ ಶಾಸಕ, ಆಗಿನ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಕೈಲಿ. 2023ರಲ್ಲಿ ಶಾಲಾ ಶಿಕ್ಷಣ ಸಚಿವರಾದವರು ಸೊರಬದ ಶಾಸಕ ಮಧು ಬಂಗಾರಪ್ಪ. ಹಾಗಂತ ಒಬ್ಬರ ತಲೆಗೆ ಕಟ್ಟುವ ವಿಷಯ ಇದಲ್ಲ. ಕೇಂದ್ರದಲ್ಲಿ ವಾಜಪೇಯಿ ಸರ್ಕಾರ 2004ರ ಜನವರಿ 1ರಿಂದಲೇ ಇದನ್ನು ತಂದಿತ್ತು. ಮನಮೋಹನ್ ಸಿಂಗ್ ಸರ್ಕಾರದ ಕಾಲದಲ್ಲಿ, 2013ರಲ್ಲಿ, ಇದಕ್ಕೆ ಕಾಯ್ದೆಯೂ ಆಯಿತು. ಎರಡೂ ಪಕ್ಷಗಳು ಇದೇ ದಾರಿಯಲ್ಲಿ ನಡೆದಿವೆ. ಆದ್ದರಿಂದ ಎರಡೂ ಪಕ್ಷಗಳನ್ನು ಕೇಳುವ ಹಕ್ಕು ನಮಗಿದೆ.

2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರಕ್ಕೆ ಇಳಿದಾಗ ಬೊಮ್ಮಾಯಿ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಕೊಟ್ಟು, ಹಳೆ ಪಿಂಚಣಿ ಬಗ್ಗೆ ನೋಡಲು ಸಮಿತಿ ಎಂದಿತು. ಅದೇ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆಯಲ್ಲೂ ಹಳೆ ಪಿಂಚಣಿಯ ಮಾತಿತ್ತು. 2024ರ ಜನವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ ಒಂದು ಹೆಜ್ಜೆ ಇಟ್ಟಿತು. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮೊದಲೇ ಬಂದು, ಕೆಲಸದ ಆದೇಶ ಮಾತ್ರ ತಡವಾಗಿ ಕೈ ಸೇರಿದ ಸುಮಾರು 13,000 ನೌಕರರನ್ನು ಹಳೆ ಪಿಂಚಣಿಗೆ ಸೇರಿಸಲು ಆದೇಶ ಹೊರಡಿಸಿತು.

ಈ 13,000 ಜನರ ಕಥೆ ಯೋಚಿಸಿ. ಅರ್ಜಿ ಹಾಕಿದಾಗ ಅವರು ನಂಬಿದ್ದು ಹಳೆ ಪಿಂಚಣಿಯನ್ನು. ಕಡತ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಗುವುದು ತಡವಾಯಿತು, ಅಷ್ಟೇ. ಅಷ್ಟರಲ್ಲಿ ಇಡೀ ಮುಪ್ಪಿನ ಲೆಕ್ಕ ಬದಲಾಗಿತ್ತು. ಸರಿಪಡಿಸಲು ಹದಿನೇಳು ವರ್ಷದ ಮೇಲೆ ಬೇಕಾಯಿತು. ಹೊರಗೆ ಹಾಕುವುದು ಒಂದು ದಿನದ ಆದೇಶ, ಒಳಗೆ ಕರೆಯುವುದು ಅರ್ಧ ಆಯುಷ್ಯದ ಕೆಲಸ. ರಾಜಸ್ಥಾನ, ಛತ್ತೀಸಗಢದಂಥ ರಾಜ್ಯಗಳು ಹಳೆ ಪಿಂಚಣಿಗೆ ಮರಳುತ್ತೇವೆ, ಕಟ್ಟಿದ ದುಡ್ಡು ವಾಪಸ್ ಕೊಡಿ ಎಂದಾಗ, ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇಲ್ಲ ಎಂಬ ಉತ್ತರ ಕೇಂದ್ರದಿಂದ ಬಂತು.

ಇದು ನಮ್ಮ ದೇಶದ ಪಾಡು ಮಾತ್ರ ಅಲ್ಲ. ಬ್ರಿಟನ್‌ನಲ್ಲಿ 1978ರಿಂದ 2016ರ ಏಪ್ರಿಲ್ ತನಕ ಬೇರೊಂದು ಪದ್ಧತಿ ಇತ್ತು. ಕೊನೆಯ ಸಂಬಳದ ಮೇಲೆ ಪಿಂಚಣಿ ಕೊಡುವ ಸಂಸ್ಥೆಗಳು ತಮ್ಮ ನೌಕರರನ್ನು ಸರ್ಕಾರಿ ಪಿಂಚಣಿಯ ಹೆಚ್ಚುವರಿ ಭಾಗದಿಂದ ಹೊರಗಿಡಬಹುದಿತ್ತು. ಆಗ ಸಂಸ್ಥೆಯೂ ನೌಕರನೂ ಸರ್ಕಾರಕ್ಕೆ ಕಟ್ಟುವ ವಂತಿಗೆ ಕಡಿಮೆ. ಬದಲಿಗೆ ಮುಪ್ಪಿನಲ್ಲಿ ಸರ್ಕಾರದಿಂದ ಬರುವ ಪಿಂಚಣಿಯೂ ಕಡಿಮೆ, ಆ ಪಾಲನ್ನು ಸಂಸ್ಥೆ ತುಂಬಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೂವತ್ತು ನಲವತ್ತು ವರ್ಷದ ಹಿಂದಿನ ಒಪ್ಪಂದ ಎಷ್ಟು ಜನರ ನೆನಪಲ್ಲಿ ಇರುತ್ತದೆ? ಸರ್ಕಾರದ ಪಿಂಚಣಿ ಪೂರ್ತಿ ಬರುತ್ತದೆ ಎಂದುಕೊಂಡಿದ್ದ ಎಷ್ಟೋ ಮಂದಿಗೆ, ಹೊರಗಿದ್ದ ವರ್ಷಗಳಿಗಾಗಿ ಅದು ಕಡಿಮೆಯಾಗಿದೆ ಎಂದು ಗೊತ್ತಾಗಿದ್ದೇ ಮುಪ್ಪಿನಲ್ಲಿ. ಅಲ್ಲಿ ಕೊನೆಯ ಸಂಬಳದ ಪಿಂಚಣಿ ಇರುವವರನ್ನು ಸರ್ಕಾರಿ ಪಿಂಚಣಿಯ ಒಂದು ಭಾಗದಿಂದ ಹೊರಗಿಟ್ಟರು. ಇಲ್ಲಿ ಕೊನೆಯ ಸಂಬಳದ ಪಿಂಚಣಿಯಿಂದಲೇ ಹೊರಗಿಟ್ಟರು. ಎರಡೂ ಕಡೆ ಪಾಠ ಒಂದೇ: ಸೇರುವ ದಿನ ಲೆಕ್ಕ ಹೇಳದಿದ್ದರೆ ಹೋಗುವ ದಿನ ಕಣ್ಣೀರು.

‘ಸರ್ಕಾರಿ ನೌಕರರ ಗೋಳು ನಮಗೇಕೆ, ನಮಗೆ ಯಾವ ಪಿಂಚಣಿ ಇದೆ?’ ಎಂದು ರೈತರು, ಕೂಲಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ಬರುವುದು ತಿಂಗಳಿಗೆ 1,200 ರೂಪಾಯಿ. ಖಾಸಗಿ ಕಾರ್ಖಾನೆಯಲ್ಲಿ ದುಡಿದು ಪಿಎಫ್ ಕಟ್ಟಿದವರ ಪಿಂಚಣಿಯೂ ಕೊನೆಯ ವರ್ಷಗಳ ಸಂಬಳದ ಮೇಲೆಯೇ ಲೆಕ್ಕವಾಗುತ್ತದೆ. ಆದರೆ ಆ ಸಂಬಳಕ್ಕೆ 2014ರ ಸೆಪ್ಟೆಂಬರ್‌ನಿಂದ 15,000ದ ಮಿತಿ ಇದೆ. ಮಿತಿಯೊಳಗೆ ಕಟ್ಟಿದವರ ಲೆಕ್ಕ ಹೀಗೆ: 15,000ವನ್ನು 30 ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ, 6,428 ರೂಪಾಯಿ. ಹೆಚ್ಚುವರಿ ಎರಡು ವರ್ಷ ಸೇರಿಸಿ ಕೊಟ್ಟರೂ 7,000 ದಾಟುವುದಿಲ್ಲ. ಅದಕ್ಕೂ ತುಟ್ಟಿಭತ್ಯೆ ಇಲ್ಲ.

ಹಾಗಾಗಿ ಹಳೆ ಪಿಂಚಣಿಯನ್ನು ಇದ್ದ ಹಾಗೇ ಎಲ್ಲರಿಗೂ ತನ್ನಿ ಎಂದು ಘೋಷಣೆ ಕೂಗುವುದು ಸುಲಭ, ಅದರ ಖರ್ಚು ಹೊರಬೇಕಾದ ಬೊಕ್ಕಸದಲ್ಲಿ ನಮ್ಮೂರಿನ ರಸ್ತೆ, ಆಸ್ಪತ್ರೆಯ ದುಡ್ಡೂ ಇದೆ. ಆದರೆ ಮೂವತ್ತು ವರ್ಷ ದುಡಿದವರ ಮುಪ್ಪನ್ನು ಪೂರ್ತಿ ಪೇಟೆಯ ಕೈಗೆ ಬಿಡುವುದೂ ಸರಿಯಲ್ಲ. ಅಡಿಕೆ, ಮೆಕ್ಕೆಜೋಳದ ಧಾರಣೆ ನೋಡಿ ಬದುಕುವ ನಮಗೆ ಪೇಟೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಧಾರಣೆ ಬಿದ್ದ ವರ್ಷ ಬೆಳೆಗಾರ ಮುಂದಿನ ವರ್ಷಕ್ಕೆ ಕಾಯಬಹುದು. ಪೇಟೆ ಬಿದ್ದ ವರ್ಷವೇ 60 ತುಂಬಿದವರು ಯಾವ ವರ್ಷಕ್ಕೆ ಕಾಯಬೇಕು?

ನಡುವೆ ಒಂದು ದಾರಿ ಇದೆ. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ತಂದಿದೆ. 25 ವರ್ಷ ಸೇವೆ ಆದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ. ನೌಕರ ವಂತಿಗೆ ಕಟ್ಟುತ್ತಾನೆ, ಕೊನೆಯ ಸಂಬಳದ ಆಧಾರವೂ ಉಳಿಯುತ್ತದೆ. ಅದರಲ್ಲೂ ಕೊರತೆ ಇರಬಹುದು. ಆದರೂ ನೌಕರನ ವಂತಿಗೆ, ಸರ್ಕಾರದ ಖಾತ್ರಿ ಎರಡೂ ಒಟ್ಟಿಗೆ ಇರಬಹುದು ಎಂಬುದನ್ನು ಅದು ತೋರಿಸಿದೆ. ನಮ್ಮ ರಾಜ್ಯ ಯಾವ ದಾರಿ ಹಿಡಿಯುತ್ತದೆ ಎಂದು ದಿನಾಂಕ ಹಾಕಿ ಹೇಳಬೇಕು. ಸಮಿತಿಯ ಮೇಲೆ ಸಮಿತಿ ಉತ್ತರವಲ್ಲ.

ಅಲ್ಲಿಯ ತನಕ ಸರ್ಕಾರ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸ ಒಂದಿದೆ. ಪ್ರತಿ ಎನ್‌ಪಿಎಸ್ ನೌಕರನಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ಒಂದು ಪುಟದ ಲೆಕ್ಕ ಕೊಡಲಿ: ಇಲ್ಲಿಯವರೆಗೆ ಎಷ್ಟು ಗಂಟಾಗಿದೆ, ಹೀಗೇ ಹೋದರೆ ನಿವೃತ್ತಿಯಲ್ಲಿ ತಿಂಗಳಿಗೆ ಎಷ್ಟು ಬರಬಹುದು, ಹಳೆ ಪಿಂಚಣಿಯಲ್ಲಿ ಎಷ್ಟಿರುತ್ತಿತ್ತು. ಯಾವುದಾದರೂ ಆಯ್ಕೆ ಪತ್ರಕ್ಕೆ ಸಹಿ ಕೇಳುವಾಗಲೂ ಈ ಪುಟ ಜೊತೆಗಿರಲಿ. ಲೆಕ್ಕ ನೋಡದೆ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಲಾಗದು.

ನಿಮ್ಮ ಮನೆಯಲ್ಲಿ ಎನ್‌ಪಿಎಸ್ ನೌಕರರಿದ್ದರೆ ಈ ವಾರ ಮೂರು ವಿಷಯ ನೋಡಿ. ಸಂಬಳದಲ್ಲಿ ಕಡಿತವಾದ ದುಡ್ಡು ಮತ್ತು ಸರ್ಕಾರದ ಪಾಲು ಎರಡೂ ಪ್ರಾನ್ ಖಾತೆಗೆ ತಿಂಗಳು ತಪ್ಪದೆ ಬಿದ್ದಿದೆಯೇ? ನಾಮಿನಿ ಹೆಸರು ಸರಿ ಇದೆಯೇ? ಸೇವಾ ಪುಸ್ತಕದಲ್ಲಿ ನೇಮಕಾತಿ ಅಧಿಸೂಚನೆ, ಆದೇಶ, ಕೆಲಸಕ್ಕೆ ಹಾಜರಾದ ದಿನ, ಮೂರೂ ದಾಖಲಾಗಿದೆಯೇ? 13,000 ಜನರ ಮುಪ್ಪು ನಿಂತಿದ್ದು ಇಂಥ ದಿನಾಂಕಗಳ ಮೇಲೆಯೇ. ಮುಂದಿನ ಸಲ ವೋಟು ಕೇಳಲು ಬಂದವರು ಪಿಂಚಣಿ ಮಾತೆತ್ತಿದರೆ ಹೂಂ ಎನ್ನುವ ಮೊದಲು ಕೇಳಿ: ಯಾರಿಗೆ, ಯಾವಾಗಿನಿಂದ, ಎಷ್ಟು?