ಪತ್ತೆಯಾಯಿತಂತೆ!

ಮಳೆಗಾಲ ಹಿಡಿಯಿತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿಯೂ ಮೊಳೆಯುತ್ತದೆ. ‘ಪಶ್ಚಿಮಘಟ್ಟದಲ್ಲಿ ಹೊಸ ಸಸ್ಯ ಪತ್ತೆ’, ‘ಅಪರೂಪದ ಹೊಸ ಅಣಬೆ ಪತ್ತೆ’. ಜೊತೆಗೊಂದು ಹೂವಿನ ಚಿತ್ರ, ಪಕ್ಕದಲ್ಲಿ ಪತ್ತೆ ಮಾಡಿದವರ ಚಿತ್ರ. ಈ ‘ಪತ್ತೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಪೊಲೀಸ್ ಠಾಣೆಯೇ ನೆನಪಾಗುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಪತ್ತೆ, ಕದ್ದುಹೋದ ಸರ ಪತ್ತೆ. ಕಳೆದೇಹೋಗದೆ ಇದ್ದಲ್ಲೇ ಇದ್ದದ್ದು ಪತ್ತೆಯಾಗುವುದು ಹೇಗೆ, ನೀವೇ ಹೇಳಿ.

ನನ್ನ ಮೈದುನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು. ದೋಸೆ ತಿನ್ನುತ್ತ ನಕ್ಕ. “ಅತ್ತಿಗೆ, ಹೊಸತು ಅಂದ್ರೆ ಭೂಮಿಗೆ ಹೊಸತು ಅಂತಲ್ಲ. ವಿಜ್ಞಾನಕ್ಕೆ ಹೊಸತು. ಯಾರೂ ಅದನ್ನು ಸರಿಯಾಗಿ ವರ್ಣಿಸಿ, ಹೆಸರಿಟ್ಟು ಪ್ರಕಟಿಸಿರಲಿಲ್ಲ ಅಂತ ಅಷ್ಟೆ ಅರ್ಥ.” ಅದು ನನಗೂ ಗೊತ್ತಿರುವ ಮಾತೇ. ಹಾಗಿದ್ದರೆ ಹಾಗೆಂದೇ ಬರೆಯಲಿ: ‘ಇಂಥ ಅಣಬೆಯನ್ನು ಇಂಥವರು ಮೊದಲ ಬಾರಿಗೆ ವರ್ಣಿಸಿದ್ದಾರೆ’ ಅಂತ. ವರ್ಣಿಸುವುದು ದೊಡ್ಡ ಕೆಲಸ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ವರ್ಣಿಸಿದವರನ್ನು ಕಂಡುಹಿಡಿದವರು ಎಂದು ಕರೆದುಬಿಟ್ಟರೆ, ಅವರಿಗಿಂತ ಮೊದಲು ಕಂಡವರೆಲ್ಲ ಕುರುಡರಾಗಿಬಿಡುತ್ತಾರೆ. ನನ್ನ ಜಗಳವಿರುವುದು ಅಲ್ಲಿ.

2014ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಇಬ್ಬರು ವಿಜ್ಞಾನಿಗಳು, ಬ್ರಿನ್ ಡೆಂಟಿಂಗರ್ ಮತ್ತು ಲಾರಾ ಸೂಜ್ ಎಂಬವರು, ಒಂದು ಸ್ವಾರಸ್ಯದ ಕೆಲಸ ಮಾಡಿದರು. ಅವರು ಕಾಡಿಗೆ ಹೋಗಲಿಲ್ಲ. ಲಂಡನ್ನಿನ ಅಂಗಡಿಯಲ್ಲಿ ಮಾರುವ ಒಣಗಿಸಿದ ಪೊರ್ಚಿನಿ ಅಣಬೆಯ ಒಂದು ಪೊಟ್ಟಣ ತೆಗೆದುಕೊಂಡರು. ಅದು ಚೀನಾದಿಂದ ಬಂದ ಅಣಬೆ. ಅದರಿಂದ ಹದಿನೈದು ಚೂರು ಆರಿಸಿ ಡಿಎನ್‌ಎ ಪರೀಕ್ಷೆ ಮಾಡಿದರು. ಆ ಹದಿನೈದು ಚೂರುಗಳಲ್ಲಿ ಮೂರು ಜಾತಿಯ ಅಣಬೆಗಳಿದ್ದವು, ಮೂರಕ್ಕೂ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ! ಯಾರೋ ಕೊಯ್ದು, ಹೋಳು ಮಾಡಿ, ಒಣಗಿಸಿ, ತೂಗಿ, ಪೊಟ್ಟಣ ಕಟ್ಟಿ, ಸಮುದ್ರ ದಾಟಿಸಿ, ಬೆಲೆ ಚೀಟಿ ಅಂಟಿಸಿ ಮಾರಿದ್ದಾಗಿತ್ತು. ಇನ್ಯಾರೋ ಸಾರು ಮಾಡಿ ಉಂಡಿದ್ದೂ ಆಗಿತ್ತು. ಆಮೇಲೆ ಅದು ‘ಹೊಸ ಪ್ರಭೇದ’ವಾಯಿತು. ಆ ಇಬ್ಬರು ಒಂದು ಒಳ್ಳೆಯ ಕೆಲಸವನ್ನೂ ಮಾಡಿದರೆನ್ನಿ: ಹೊಸ ಹೆಸರುಗಳನ್ನು ಚೀನೀ ಮಾತಿನಿಂದಲೇ ಆರಿಸಿದರು. ಒಂದರ ಹೆಸರಿಗೆ ‘ಬಿಳಿ ದನದ ಲಿವರ್’ ಎಂದರ್ಥವಂತೆ. ನಮ್ಮ ಮಡಿಯ ಅಡುಗೆಮನೆಗೆ ಒಗ್ಗುವ ಹೆಸರಲ್ಲ, ಆದರೆ ಅದು ಆರಿಸಿ ತಿಂದವರ ಬಾಯಿಂದ ಬಂದ ಹೆಸರು.

ಆಫ್ರಿಕದ ಜಾಂಬಿಯಾದಲ್ಲಿ ಹುತ್ತದ ಮೇಲೆ ಏಳುವ ಒಂದು ಅಣಬೆಯಿದೆ. ಅದರ ಕೊಡೆ ಒಂದು ಮೀಟರಿನವರೆಗೂ ಅಗಲವಾಗುತ್ತದೆ. ಮಳೆ ಬಂದರೆ ತಲೆಯ ಮೇಲೆ ಹಿಡಿದುಕೊಳ್ಳಬಹುದು! ಅಲ್ಲಿನವರು ರಸ್ತೆಬದಿಯಲ್ಲಿ ನಿಂತು ಅದನ್ನು ಮಾರುತ್ತಾರೆ. ಅಷ್ಟು ದೊಡ್ಡದು ವಿಜ್ಞಾನದ ಕಣ್ಣಿಗೆ ಬಿದ್ದು ಹೆಸರು ಪಡೆದದ್ದು 1980ರಲ್ಲಿ.

ಇಷ್ಟೆಲ್ಲ ಹೇಳುವ ನಾನು ಯಾವ ಬಾಯಲ್ಲಿ ಹೇಳುತ್ತಿದ್ದೇನೆ ಎಂಬುದನ್ನೂ ಹೇಳಿಬಿಡಬೇಕು.

1997ರ ಮಳೆಗಾಲ. ನಾನಾಗ ಸಿದ್ದಾಪುರ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಸಮಾಜ ಹೇಳಿಕೊಡುತ್ತಿದ್ದವಳಿಗೆ, ವಿಜ್ಞಾನದವರು ವರ್ಗವಾಗಿ ಹೋದದ್ದರಿಂದ ಆ ವರ್ಷ ವಿಜ್ಞಾನವೂ ಕೊರಳಿಗೆ ಬಿತ್ತು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ: ಅಣಬೆ ಎಂದರೇನು? ನನ್ನ ತಲೆಯಲ್ಲಿದ್ದ ಉತ್ತರ, ‘ಅಣಬೆಯು ಹಸಿರು ಬಣ್ಣವಿಲ್ಲದ ಸಸ್ಯ’. ಮಕ್ಕಳೆಲ್ಲ ಅದನ್ನೇ ಬಾಯಿಪಾಠ ಮಾಡಿ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಅರ್ಧ ಪುಟ ಬರೆದಿದ್ದಳು. ಹೆಗ್ಗಾಲಣಬೆ, ಅಕ್ಕಿ ಅಣಬೆ, ಕಲ್ಲಣಬೆ, ಹುತ್ತದಣಬೆ ಎಂದು ಹೆಸರು ಪಟ್ಟಿ ಮಾಡಿ, ಇನ್ನೆರಡು ಹೆಸರು ಬರೆದು, ಕೊನೆಗೆ, ‘ಅಣಬೆ ಗಿಡ ಅಲ್ಲ. ಹುತ್ತದಣಬೆ ಗೆದ್ದಲಿನದು. ಗೆದ್ದಲು ಸತ್ತ ಹುತ್ತದಲ್ಲಿ ಅದು ಏಳುವುದಿಲ್ಲ, ನಮ್ಮ ಅಜ್ಜಿ ಹೇಳಿದೆ’ ಎಂದಿದ್ದಳು. ನಾನು ಕೆಂಪು ಶಾಯಿಯಲ್ಲಿ ಉದ್ದಕ್ಕೆ ಗೀಟು ಎಳೆದು ಸೊನ್ನೆ ಹಾಕಿದೆ. “ಅಜ್ಜಿ ಹೇಳಿದ್ದು ಬರೆಯೋದಲ್ಲ, ಪುಸ್ತಕದಲ್ಲಿ ಇದ್ದದ್ದು ಬರಿಬೇಕು” ಎಂದು ಎಲ್ಲರೆದುರು ಗದರಿದೆ. ಹುಡುಗಿ, “ಹೌದ್ರಿ ಅಕ್ಕೋರೆ” ಎಂದು ತಲೆ ತಗ್ಗಿಸಿ ಪೇಪರು ತೆಗೆದುಕೊಂಡು ಹೋದಳು.

ಎಷ್ಟೋ ವರ್ಷಗಳ ಮೇಲೆ ಮಗಳ ಕಾಲೇಜು ಪುಸ್ತಕ ತಿರುವಿ ಹಾಕುವಾಗ ತಿಳಿಯಿತು. ಅಣಬೆ ಸಸ್ಯವಲ್ಲ. ಪ್ರಾಣಿಯೂ ಅಲ್ಲ. ಅದರದೇ ಒಂದು ಬೇರೆ ಸಾಮ್ರಾಜ್ಯವೆಂದು ವಿಜ್ಞಾನ 1969ರಷ್ಟು ಹಿಂದೆಯೇ ವಿಂಗಡಿಸಿತ್ತು. ಹುತ್ತದ ಅಣಬೆಯಂತೂ ಗೆದ್ದಲು ಮಾಡುವ ಬೇಸಾಯ. ಗೆದ್ದಲುಗಳು ಎಲೆ, ಕಡ್ಡಿ ತಂದು ಜಗಿದು ಹುತ್ತದೊಳಗೆ ಮಡಿ ಕಟ್ಟುತ್ತವೆ, ಅದರಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಗೆದ್ದಲುಗಳಿಗೆ ಅದೇ ಊಟ. ಮಳೆ ಬಿದ್ದಾಗ ಆ ಗದ್ದೆಯ ಬೆಳೆ ಹೊರಗೆ ತಲೆಯೆತ್ತುತ್ತದೆ, ನಾವು ಅಣಬೆ ಎನ್ನುತ್ತೇವೆ. ಸತ್ತ ಹುತ್ತದಲ್ಲಿ ಬೇಸಾಯ ಮಾಡುವವರಿಲ್ಲ, ಬೆಳೆಯೂ ಇಲ್ಲ. ಸೊನ್ನೆ ಸಿಗಬೇಕಾದದ್ದು ಯಾರಿಗೆ? ಆ ಹುಡುಗಿ ಏಳನೆಯ ತರಗತಿಗೆ ಶಾಲೆ ಬಿಟ್ಟಳು. ಅವಳು ಬರೆದ ಇನ್ನೆರಡು ಹೆಸರು ಏನಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಗೀಟಿನ ಅಡಿಯಲ್ಲಿ ಹೋಯಿತು.

ನಾನು ಹಾಗೆ ಗೀಟು ಹಾಕಿದ್ದು ವಿಜ್ಞಾನ ಗೊತ್ತಿಲ್ಲದ್ದರಿಂದ ಮಾತ್ರವಲ್ಲ. ನಮ್ಮ ಮನೆಯಲ್ಲಿ ಅಣಬೆ ಒಳಗೆ ಬರುತ್ತಿರಲಿಲ್ಲ. ಅತ್ತೆಯವರು ಅದರ ಹೆಸರನ್ನೂ ಎತ್ತಬಾರದು ಎನ್ನುವವರು. ನಮ್ಮ ಪಾಲಿಗೆ ಎಲ್ಲವೂ ನಾಯಿಕೊಡೆಯೇ. ತೋಟಕ್ಕೆ ಕೆಲಸಕ್ಕೆ ಬರುವ ಹೆಂಗಸರು ಸಂಜೆ ಹೋಗುವಾಗ ಕೆಸುವಿನ ಎಲೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು, ನಾವು ಮುಖ ತಿರುಗಿಸುತ್ತಿದ್ದೆವು. ಯಾವುದು ತಿನ್ನುವಂಥದ್ದು, ಯಾವುದು ವಿಷ, ಯಾವ ಮಳೆಗೆ ಯಾವುದು ಏಳುತ್ತದೆ, ಹಿಡಿಯ ಬುಡದಲ್ಲಿ ಏನು ನೋಡಬೇಕು, ಇದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಅದು ಬಡವರ ಊಟವಾದ್ದರಿಂದ ಬಡವರ ತಿಳಿವು ಎಂದಾಯಿತು, ಬಡವರ ತಿಳಿವು ತಿಳಿವೇ ಅಲ್ಲ ಎಂದಾಯಿತು. ಇಂದು ಅದೇ ನಾವು ತರಕಾರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಬಟನ್ ಮಶ್ರೂಮ್ ತಂದು ‘ಪ್ರೊಟೀನು’ ಎನ್ನುತ್ತೇವೆ.

ಅಜ್ಜಿಯರು ಹೇಳಿದ್ದೆಲ್ಲ ವೇದವೆಂದು ನಾನು ಹೇಳುವವಳಲ್ಲ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿದಾಗ ಕಪ್ಪಾಗದಿದ್ದರೆ ಅಣಬೆ ತಿನ್ನಬಹುದು ಎನ್ನುವವರಿದ್ದಾರೆ. ಅದು ಶುದ್ಧ ಸುಳ್ಳು, ಅದನ್ನು ನಂಬಿದರೆ ಜೀವಕ್ಕೇ ಸಂಚಕಾರ. ನನ್ನ ಮಾತು ಕೇಳಿ ಯಾರೂ ಬೇಲಿ ಸಂದಿಯ ಅಣಬೆ ಕಿತ್ತು ಸಾರು ಮಾಡಬೇಡಿರಮ್ಮಾ! ಸರಿ-ತಪ್ಪು ಜರಡಿ ಹಿಡಿಯುವುದಕ್ಕೇ ವಿಜ್ಞಾನ ಬೇಕು. ಆದರೆ ಜರಡಿ ಹಿಡಿಯಬೇಕಾದರೆ ಮೊದಲು ಕೇಳಿಸಿಕೊಳ್ಳಬೇಕಲ್ಲ?

ಹೆಸರಿಡುವುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ತಾಲೂಕಿನದೇ ಒಂದು ಸಂಗತಿಯಿದೆ. ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಹೆಸರಿಗೆ ತಕ್ಕಂತೆ ಹಗಲಲ್ಲೂ ಕತ್ತಲೆ. ಒಳಗೆ ರಾಮಪತ್ರೆ ಜಾತಿಯ ಮರಗಳು ನೀರಲ್ಲಿ ನಿಂತಿರುವ ಜಡ್ಡಿಗಳಿವೆ, ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಅಲ್ಲಿದ್ದ ಒಂದು ದೊಡ್ಡ ಮರವನ್ನು 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬವರು ಹೊಸ ಜಾತಿಯೆಂದು ವರ್ಣಿಸಿದರು. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕೇರುಬೀಜದ ಮರಕ್ಕೆ ಇದು ಹತ್ತಿರದ ನೆಂಟ. ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಲ್ಯಾಟಿನ್ನಿನ ಬಾಲ ಅಂಟಿಸಿಕೊಂಡ ಅಚ್ಚ ಕನ್ನಡದ ಕತ್ತಲೆಕಾನು! ಎಣಿಸಿ ನೋಡಿದರೆ ಬೆಳೆದ ಮರಗಳು ನೂರೂ ಇಲ್ಲ. ಹೆಸರಿಡುವ ಮುಂಚೆ ಅದು ಹತ್ತರಲ್ಲಿ ಹನ್ನೊಂದನೆಯ ಕಾಡುಮರ. ಹೆಸರು ಬಂದ ಮೇಲೆ ಅಳಿವಿನ ಅಂಚಿನಲ್ಲಿದೆ ಎಂದು ಗುರುತಾಯಿತು, ಬೀಜ ಹುಡುಕಿ ಸಸಿ ಮಾಡುವ ಪ್ರಯತ್ನ ನಡೆಯಿತು. ಹೆಸರಿಲ್ಲದ್ದನ್ನು ಉಳಿಸಿ ಎಂದು ಅರ್ಜಿಯನ್ನೂ ಬರೆಯಲಾಗುವುದಿಲ್ಲ. ಆದ್ದರಿಂದ ಹೆಸರಿಡುವವರು ನಮಗೆ ಬೇಕು, ಇನ್ನೂ ಹೆಚ್ಚು ಮಂದಿ ಬೇಕು. ಜಗತ್ತಿನಲ್ಲಿ ಸುಮಾರು 25 ಲಕ್ಷ ಬಗೆಯ ಶಿಲೀಂಧ್ರಗಳಿರಬಹುದೆಂದು ಅಂದಾಜು. ಹೆಸರು ಪಡೆದವು ಒಂದೂವರೆ ಲಕ್ಷದ ಸುತ್ತಮುತ್ತ. ವರ್ಷಕ್ಕೆ ಎರಡೂವರೆ ಸಾವಿರದಂತೆ ಹೆಸರಿಡುತ್ತ ಹೋದರೆ ಎಲ್ಲ ಮುಗಿಯಲು ಒಂಬತ್ತು ನೂರು ವರ್ಷ ಬೇಕು. ಅಷ್ಟರಲ್ಲಿ ಕಾಡೇ ಇರುತ್ತದೋ ಇಲ್ಲವೋ. ಹೀಗಿರುವಾಗ, ಬಲ್ಲವರನ್ನು ಕೇಳದೆ ಎಲ್ಲವನ್ನೂ ತಾವೇ ಮೊದಲಿನಿಂದ ಹುಡುಕುತ್ತೇವೆನ್ನುವುದು ಎಲ್ಲಿಯ ಜಾಣತನ?

ಕೇಳುವ ಪದ್ಧತಿ ಹಿಂದೆ ಇಲ್ಲದಿರಲಿಲ್ಲ. ಡಚ್ಚರ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ‘ಹೊರ್ತುಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳನ್ನು ಮಾಡಿಸಿದ. ಅವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಾಡುವ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ, ಇವರ ಹೇಳಿಕೆಗಳನ್ನು ಅವರ ಅಕ್ಷರಗಳಲ್ಲೇ ಆ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಗಿಡಗಳಿಗೆ ಮಲೆಯಾಳದ ಹೆಸರನ್ನೂ ಕೊಟ್ಟ. ಮುನ್ನೂರು ವರ್ಷಗಳ ಹಿಂದಿನ ಆಳುವವನಿಗೆ ಇದ್ದ ಸೌಜನ್ಯ ನಮ್ಮ ಸುದ್ದಿಗಳಲ್ಲಿ ಏಕಿಲ್ಲ? ಆದರೂ ನೋಡಿ, ಆ ನಾಲ್ಕು ಹೆಸರುಗಳಲ್ಲಿ ಹೆಂಗಸಿನದು ಒಂದೂ ಇಲ್ಲ. ಮದ್ದಿನ ಸೊಪ್ಪು ಅರೆದವರು ಯಾರೋ!

ಹೆಂಗಸಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ನಿಮ್ಮ ಗೇಟಿನ ಕಮಾನಿಗೆ ಕಾಗದದ ಹೂವಿನ ಬಳ್ಳಿ ಹಬ್ಬಿಸಿದ್ದೀರಲ್ಲ, ಬೋಗನ್‌ವಿಲ್ಲಾ, ಅದರ ಹೆಸರು ಯಾರದು? ಫ್ರಾನ್ಸಿನ ಹಡಗಿನ ನಾಯಕ ಬೂಗನ್‌ವಿಲ್‌ನದು. 1766ರಲ್ಲಿ ಅವನು ಭೂಪ್ರದಕ್ಷಿಣೆಗೆ ಹೊರಟಾಗ ಜೊತೆಗೆ ಕಾಮರ್ಸನ್ ಎಂಬ ಸಸ್ಯಶಾಸ್ತ್ರಿ ಇದ್ದ. ಕಾಮರ್ಸನ್ನನ ಆಳು ಎಂದು ಹಡಗು ಹತ್ತಿದ್ದು ಜೀನ್ ಬಾರೆ ಎಂಬ ಹೆಂಗಸು, ಗಂಡುವೇಷದಲ್ಲಿ. ಹೆಂಗಸರಿಗೆ ಆ ಹಡಗುಗಳಲ್ಲಿ ಜಾಗವಿರಲಿಲ್ಲ. ಕಾಮರ್ಸನ್ನನಿಗೆ ಕಾಲು ನೋವು, ನಡೆಯಲಾರ. ಗುಡ್ಡ ಹತ್ತಿ ಗಿಡ ಕಿತ್ತು, ಹೊರೆ ಹೊತ್ತು ತಂದವಳು ಇವಳು. 1767ರಲ್ಲಿ ಬ್ರೆಜಿಲ್‌ನಲ್ಲಿ ಸಿಕ್ಕ ಆ ಬಳ್ಳಿಗೆ ನಾಯಕನ ಹೆಸರಾಯಿತು. ಕಾಮರ್ಸನ್ನನ ಹೆಸರಲ್ಲಿ ಹತ್ತಾರು ಗಿಡಗಳಿವೆ. ಬಾರೆಯ ಹೆಸರು ಒಂದು ಗಿಡಕ್ಕೆ ಬಂದದ್ದು 2012ರಲ್ಲಿ, ನಮ್ಮ ಬದನೆಯ ಬಳಗದ ಒಂದು ಕಾಡುಬಳ್ಳಿಗೆ. ಇನ್ನೂರೈವತ್ತು ವರ್ಷಕ್ಕೆ ಹತ್ತಿರ! ಭೂಮಿಯನ್ನು ಸುತ್ತಿ ಬಂದ ಮೊದಲ ಹೆಂಗಸು ಅವಳು.

ಹೊಸ ಸಸ್ಯದ ವರ್ಣನೆ ಪ್ರಕಟಿಸುವಾಗ ಅದರ ಮಾದರಿಯನ್ನು ಒಣಗಿಸಿ ಕಾಗದಕ್ಕೆ ಅಂಟಿಸಿ, ಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇಡಬೇಕೆಂಬ ಕ್ರಮವಿದೆ. ಆ ಹಾಳೆಯ ಮೂಲೆಯಲ್ಲಿ ಒಂದು ಚೀಟಿ: ಎಲ್ಲಿ ಸಿಕ್ಕಿತು, ಎಂದು, ಕಿತ್ತವರು ಯಾರು. 1935ರಿಂದ 2011ರ ಕೊನೆಯವರೆಗೆ ಹೊಸ ಗಿಡದ ವರ್ಣನೆ ಲ್ಯಾಟಿನ್ನಿನಲ್ಲೇ ಇರಬೇಕಿತ್ತು. ಈಗ ಇಂಗ್ಲಿಷೂ ಆಗುತ್ತದೆ. ಕನ್ನಡಕ್ಕೂ ಜಾಗ ಕೊಡಿ ಎಂದು ನಾನು ಹಠ ಹಿಡಿಯುವುದಿಲ್ಲ, ಲೋಕಕ್ಕೆಲ್ಲ ತಿಳಿಯುವ ಒಂದು ಭಾಷೆ ಬೇಕೇ ಬೇಕು. ನಾನು ಕೇಳುವುದು ಆ ಚೀಟಿಯಲ್ಲಿ ಇನ್ನೆರಡು ಸಾಲು. ಊರವರು ಇದನ್ನು ಏನೆನ್ನುತ್ತಾರೆ, ಹಾಗೆಂದು ಹೇಳಿದವಳು ಯಾರು. ಅವಳು ಒಪ್ಪಿದರೆ ಅವಳ ಹೆಸರು ಪೂರ್ತಿ ಇರಲಿ, ‘ಸ್ಥಳೀಯರು’ ಎಂಬ ಮೂಟೆಯೊಳಗೆ ತುಂಬಿಡುವುದು ಬೇಡ. ಮೈದುನ ಇದಕ್ಕೂ ನಕ್ಕ. “ಕೆಲವರು ಬರೀತಾರೆ ಅತ್ತಿಗೆ” ಎಂದ. ಕೆಲವರು ಬರೆಯುತ್ತಾರಾದರೆ ಉಳಿದವರಿಗೆ ಏನು ದಾಡಿ?

ಉಳಿದವರಲ್ಲಿ ನಾವೂ ಇದ್ದೇವಲ್ಲ. ಪೇಟೆಯ ಮನೆಯ ಹೆಂಗಸರು ಎಷ್ಟು ಸೀರೆ ಬಗೆಯ ಹೆಸರು ಬಲ್ಲೆವು, ಎಷ್ಟು ಗಿಡದ ಹೆಸರು ಬಲ್ಲೆವು? ಅಮ್ಮ ತಂಬುಳಿಗೆ ಹಾಕುತ್ತಿದ್ದ ಸೊಪ್ಪುಗಳಲ್ಲಿ ಅರ್ಧಕ್ಕೆ ನನಗೆ ಹೆಸರು ಬಾರದು. ನನ್ನ ಮಗಳಿಗೆ ಒಂದೆಲಗ ಬಿಟ್ಟರೆ ಉಳಿದದ್ದೆಲ್ಲ ‘ಹುಲ್ಲು’. ಹಳ್ಳಿಯ ಅಜ್ಜಿಯ ಬಾಯಲ್ಲಿದ್ದ ಹೆಸರಿಗೆ ವಿಜ್ಞಾನಿ ಕಿವಿಗೊಡಲಿಲ್ಲವೆಂದು ದೂರುವ ಮೊದಲು, ಸ್ವಂತ ಅಮ್ಮನ ಬಾಯಿಗೆ ನಾನು ಕಿವಿಗೊಟ್ಟೆನೇ?

ಈಗ ನಾನಿರುವುದು ಶಿರಸಿಯಲ್ಲಿ. ಹೋದ ಮಳೆಗಾಲ ಸಂತೆಯ ಅಂಚಿನಲ್ಲಿ ಬಾಳೆಲೆಯ ಮೇಲೆ ಅಣಬೆ ರಾಶಿ ಹಾಕಿ ಕೂತಿದ್ದ ಒಬ್ಬಳ ಮುಂದೆ ನಿಂತು, ಚೀಲದಿಂದ ನೋಟ್‌ಬುಕ್ಕು ತೆಗೆದೆ. ಅವಳು ಒಂದೊಂದನ್ನೇ ಎತ್ತಿ ಹೆಸರು ಹೇಳಿದಳು. ಮೂರು ಗೊತ್ತಿದ್ದವು. ನಾಲ್ಕನೆಯದನ್ನು ಎರಡು ಸಲ ಹೇಳಿಸಿದೆ, ಆ ಧ್ವನಿಯನ್ನು ಯಾವ ಅಕ್ಷರದಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ. “ಎಂತಕ್ಕೆ ಬರ್ಕಂತ್ರಿ ಅಕ್ಕೋರೆ? ತಗಂತ್ರೋ ಇಲ್ವೋ?” ಎಂದಳು. ಅತ್ತೆಯವರು ಈಗಿಲ್ಲ. ಆದರೂ ಅಣಬೆಯನ್ನು ಒಳಗೆ ತರಲು ನನಗೇ ಕೈ ಬರಲಿಲ್ಲ, ಸುಮ್ಮನೆ ಐವತ್ತು ರೂಪಾಯಿ ಕೊಡಹೋದೆ. ಅವಳು ದುಡ್ಡು ಮುಟ್ಟಲಿಲ್ಲ. ಒಂದು ಹಿಡಿ ಅಣಬೆ ಎಲೆಯಲ್ಲಿ ಕಟ್ಟಿ ನೋಟ್‌ಬುಕ್ಕಿನ ಮೇಲಿಟ್ಟ ಮೇಲೆಯೇ ತೆಗೆದುಕೊಂಡಳು. ಆ ಹೆಸರನ್ನು ಮೂರನೆಯ ಸಲ, ನಿಧಾನವಾಗಿ, ಒಂದನೆಯ ತರಗತಿಯ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು.